ಬಂಗುಡೆಯ ತಲೆ

ದಕ್ಕೆಯ ಡೀಸೆಲ್ ಲೆಕ್ಕದ ಕೋಣೆ.
ಪಕ್ಕದಲ್ಲಿ ಐಸ್ ಅರೆಯುವ ಸದ್ದಿಗೆ ಮೇಜು ನಡುಗುತ್ತದೆ.
ಕಪ್ಪು ಪರದೆಯ ಮೇಲೆ ಉದ್ದದೊಂದು ಆದೇಶ;
ಬೋಟಿನ ನಂಬರು ತಪ್ಪಿದ್ದು ಸಾಲಿನ ಮೊದಲಿಗೆ,
ನಾನು ನಿಂತದ್ದು ಕೊನೆಗೆ.
ಬಾಣದ ಗುಂಡಿ ಒತ್ತಿದೆ, ಒತ್ತಿದೆ,
ನಲವತ್ತಮೂರು ಸಲ.
ಎಣಿಸಿದವಳು ವಾರಿಜಕ್ಕ.

"ಮಾರಾಯ, ನೀನು ಗದಗದಿಂದ ನಡೆದುಕೊಂಡೇ ಬಂದದ್ದಾ?"
ಕನ್ನಡಕ ಹಣೆಗೇರಿಸಿ, ಕೀಲಿಮಣೆ ತನ್ನೆಡೆಗೆಳೆದು
ಶೆಲ್ಲು ಏಳುವಾಗಲೆಲ್ಲ ಓದುವ ಕಡತದಲ್ಲಿ
ಒಂದೇ ಸಾಲು ಬರೆದಳು:
ಸೆಟ್, ಅಡ್ಡಗೆರೆ ಓ, ವಿ ಐ.
"ಇನ್ನು ಬಾಣ ಮುಟ್ಟಿದರೆ ಚಾ ನಿನ್ನ ಲೆಕ್ಕ."

ಎಚ್ ಎಡಕ್ಕೆ, ಎಲ್ ಬಲಕ್ಕೆ.
ಸೊನ್ನೆ ಒತ್ತಿದರೆ ಒಂದೇ ನೆಗೆತಕ್ಕೆ ಸಾಲಿನ ತಲೆ.
ಕೆ ಅಂದರೆ ಹಿಂದಿನ ಆದೇಶ,
ಇನ್ನೊಂದು ಕೆ, ಅದರ ಹಿಂದಿನದು.
ಆದರೆ ಮೊದಲು ಎಸ್ಕೇಪ್.
ಅದನ್ನೊತ್ತಿದ ಮೇಲೆ ಅಕ್ಷರ ಅಕ್ಷರವಲ್ಲ, ಕೆಲಸ.
ಐ ಒತ್ತಿದರೆ ಕೆಲಸ ಬಿಟ್ಟು ಮತ್ತೆ ಅಕ್ಷರ.
ಈಗ ಯಾವುದು ಎಂದು
ಪರದೆ ಹೇಳುವುದಿಲ್ಲ.

ಅದೇ ಮಧ್ಯಾಹ್ನ ಬಂಗುಡೆಯ ಪಟ್ಟಿ ಹುಡುಕಲು ಹೋದೆ.
ಐ ಒತ್ತುವುದು ಮರೆತಿತ್ತು.
ಬಿ, ಹಿಂದೆ ಹೋಗಲು ಜಾಗವಿಲ್ಲದೆ ಕುಂಯ್ ಎಂದಿತು,
ಎ, ಬಾಗಿಲು ತೆರೆಯಿತು,
ಒಳಗೆ ಬಂದದ್ದು ಬರೀ 'ನ್ಗುಡೆ'.
ವಾರಿಜಕ್ಕ ಬಗ್ಗಿ ನೋಡಿ,
"ತಲೆ ತೆಗೆದಾಯ್ತಲ್ಲ. ಇನ್ನು ಮಸಾಲೆ ಹಚ್ಚು, ಸಾಕು."

ನಕ್ಕು ಮುಗಿಸಿ ಕೇಳಿದಳು: ಬಂದ ದಿನ ನೆನಪುಂಟಾ?
ಉಂಟು. ಬೋಟಿನ ಮೇಲಿಂದ ಯಾರೋ
"ಬಲೆ, ಬಲೆ" ಎಂದು ಕೈ ಬೀಸಿದ್ದ;
ಕಾಲಿಗೆ ಬಲೆ ಸಿಕ್ಕಿತೇನೋ ಎಂದು ನಾನು ಕೆಳಗೆ ನೋಡುತ್ತಿದ್ದೆ.
ಬನ್ನಿ ಎಂದು ಕರೆದದ್ದೆಂದು ತಿಳಿಯುವಷ್ಟರಲ್ಲಿ
ಹಲಗೆ ಎಳೆದುಕೊಂಡಿದ್ದರು.

ವಾರಿಜಕ್ಕನಿಗೆ ಕಿಟಕಿಯ ಹೊರಗೆ ತುಳು, ಫೋನಿಗೆ ಕೊಂಕಣಿ,
ಟೋಕನ್ನಿಗೆ ಬಂದ ಹುಡುಗನ ಜೊತೆ ಬ್ಯಾರಿ,
ನನ್ನ ಕಡೆ ತಿರುಗಿದರೆ ಪುಸ್ತಕದ ಕನ್ನಡ.
ಎಸ್ಕೇಪ್ ಎಲ್ಲಿ ಒತ್ತುತ್ತಾಳೋ
ನಾನಿನ್ನೂ ಕಂಡಿಲ್ಲ.

ಹದಿನೈದು ದಿನಕ್ಕೆ ಬೆರಳು ಕಲಿತವು,
ತುಸು ಜಾಸ್ತಿಯೇ.
ಏಜೆಂಟನಿಗೆ ಕಳಿಸಿದ ಮೇಲಿನ ಕೊನೆಗೆ
ನಾಲ್ಕು ಜೆ ಉಳಿದದ್ದು ನೋಡಲಿಲ್ಲ.
ಫೋನ್ ಮಾಡಿದ: "ಜೆಜೆಜೆಜೆ ಯಾವ ಬೋಟು ಸಾರ್?
ಅದಕ್ಕೆಷ್ಟು ಲೀಟರು?"

ಸಂಜೆ ಬೀಗ ಹಿಡಿದು ಹೊಸ್ತಿಲಲ್ಲಿ ನಿಂತ ವಾರಿಜಕ್ಕ
ಯಾವ ಭಾಷೆಯೆಂದು ಹೇಳದೆ
"ಬಲ" ಎಂದಳು.
ಬಾ ಎಂದು ಗೊತ್ತಿತ್ತು, ಈಗ ಅಷ್ಟು ತುಳು ಬರುತ್ತದೆ.
ಆದರೂ ಉಂಗುರ ಬೆರಳು
ಖಾಲಿ ಮೇಜಿನ ಮೇಲೆ
ಎಲ್ ಒತ್ತಿತು.