ಸುಣ್ಣದ ತಿಳಿ

ಶಿಡ್ಲಘಟ್ಟದ ನಮ್ಮ ಹೈಸ್ಕೂಲಿನಲ್ಲಿ ಲ್ಯಾಬೆಂದರೆ
ಕಿಟಕಿ ಪಕ್ಕದ ಒಂದು ಮೇಜು, ಒಡೆಯದೆ ಉಳಿದ ಮೂರು ಪ್ರನಾಳ.
ಸುಣ್ಣ, ಬೀಡಾ ಅಂಗಡಿ ಪ್ಯಾರೇಜಾನ್ ಪುಕ್ಕಟೆ ಕೊಟ್ಟದ್ದು.
ರಾತ್ರಿ ನೆನೆಸಿ, ಹಳೇ ಪಂಚೆಯಲ್ಲಿ ಸೋಸಿ,
ತಿಳಿಯನ್ನಷ್ಟೇ ಬಾಟಲಿಗಿಳಿಸಿ
ಚಿಂತಾಮಣಿ ಬಸ್ಸಿನಲ್ಲಿ ಮಡಿಲಲ್ಲಿಟ್ಟು ತಂದೆ.
ಪಕ್ಕದಾಕೆ ಕೇಳಿದಳು: ತೀರ್ಥವಾ?

ಪರಂಗಿ ಎಲೆಯ ದಂಟೇ ಕೊಳವೆ.
ತಬ್ರೇಜ್ ಊದಿದ, ಕೆನ್ನೆ ಬಲೂನು ಮಾಡಿ.
ಗುಳುಗುಳು. ಎಂಟನೇ ಗುಳ್ಳೆಗೆ ಮಬ್ಬು,
ಇಪ್ಪತ್ತಕ್ಕೆ ಹಾಲು.
ಹಾಲಲ್ಲ ಕಣೋ, ಕಲ್ಲು, ಎಂದೆ,
ನಿನ್ನುಸಿರು ಸುಣ್ಣಕ್ಕೆ ಸಿಕ್ಕಿ ಕಲ್ಲಾಯಿತು.
ನಿಲ್ಲಿಸು ಅಂದರೂ ನಿಲ್ಲಿಸದೆ
ಊದಿ ಊದಿ, ಹಾಲು ಮತ್ತೆ ತಿಳಿಯಾಗಿಬಿಟ್ಟಿತು!
ಇಡೀ ಕ್ಲಾಸು ನನ್ನತ್ತ ನೋಡಿತು,
ನಾನೇ ಕದ್ದು ಕುಡಿದಂತೆ.

ಉಸಿರು ನೀರಿಗೆ ಬಿದ್ದರೆ ಹುಳಿ, ಎಂದೆ.
ಬಲು ಸಣ್ಣ ಹುಳಿ, ಹುಣಸೆಯ ಮುಂದೆ ಏನೂ ಅಲ್ಲ.
ಆದರೂ ಇಷ್ಟು ಕಲ್ಲು ಕರಗಿಸಬಲ್ಲದು.

ಹಿಂದಿನ ಬೆಂಚಿಂದ ನಾಗವೇಣಿ ಎದ್ದಳು,
ಹುಳು ಜ್ವರಕ್ಕೆ ಕೂತಾಗೆಲ್ಲ
ತಟ್ಟೆಗೆ ಸುಣ್ಣ ಎರಚಿ ಬೆರಳು ಬಿರಿದವಳು.
"ಗೂಡೊಳಗೆ ಕೂತಿದ್ದೂ ಉಸಿರಾಡ್ತದಾ ಮಿಸ್?"
ಉತ್ತರ ನನ್ನ ಬಾಯಲ್ಲೇ ಇತ್ತು, ಪುಟಸಂಖ್ಯೆ ಸಮೇತ.
ಹೇಳಲಿಲ್ಲ.

ಎರಡು ಹಾರ್ಲಿಕ್ಸ್ ಬಾಟಲಿ. ತಳದಲ್ಲೊಂದೊಂದು ಬಿರಡೆ,
ಬಿರಡೆಯಲ್ಲಿ ತಿಳಿ.
ಒಂದರಲ್ಲಿ ಅವಳು ತಂದ ಹತ್ತು ಗೂಡು,
ಇನ್ನೊಂದರಲ್ಲಿ ಬರೀ ಗಾಳಿ.
ಮೇಣ ಮೆತ್ತಿ ಮುಚ್ಚಿ ಮನೆಗೆ ಹೋದೆವು.

ಬೆಳಿಗ್ಗೆ ಬರೀ ಗಾಳಿಯದು ಹೆಚ್ಚುಕಮ್ಮಿ ಹಾಗೇ.
ಗೂಡಿನದಕ್ಕೆ ಮಾತ್ರ ಕೆನೆ ಕಟ್ಟಿತ್ತು,
ಬಿಳಿ, ತೆಳ್ಳಗೆ,
ಮುಟ್ಟಿದರೆ ಒಡೆಯುವಷ್ಟು.

ತಬ್ರೇಜನ ಮನೆಯಲ್ಲಿ ಆ ಹೊತ್ತಿಗೆ
ಬಾಣಲೆ ಕುದಿಯುತ್ತಿರುತ್ತದೆ, ಅಬ್ಬಾ ನೂಲು ತೆಗೆಯುತ್ತಿರುತ್ತಾರೆ.
ಅವನ ಅಂಗಿಗಂಟಿದ ಆ ವಾಸನೆ
ನಮಗೆಲ್ಲ ಗೊತ್ತು, ಯಾರೂ ಆಡುವುದಿಲ್ಲ.
ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡಿದ.
"ನನ್ನದಕ್ಕಿಂತ ಕಮ್ಮಿ ಹಾಲು," ಅಂದ.
ಸ್ವಲ್ಪ ತಡೆದು, "ಹತ್ತೂ ಸೇರಿ."

ನಾಳೆ ಮಾರ್ಕೆಟ್ಟಿಗೆ ನಲವತ್ತು ಕೇಜಿ ಹೋಗುತ್ತದಂತೆ ನಾಗವೇಣಿಯ ಮನೆಯಿಂದ.
"ಈ ಹತ್ತು ತೂಕಕ್ಕೆ ಸಿಗಲ್ಲ ಮಿಸ್. ಇಲ್ಲೇ ಇರಲಿ."

ಬೋರ್ಡಿನ ಮೇಲೆ ಸಮೀಕರಣ ಬರೆದೆ.
ಎರಡೂ ಬದಿ ಸರಿದೂಗಿತು.
ಊಟದ ಬೆಲ್ಲಾದ ಮೇಲೆ ಬಂದು ನೋಡಿದರೆ
ಗೂಡಿನ ಬಾಟಲಿಯ ಮುಚ್ಚಳಕ್ಕೆ ಯಾರೋ
ಕೈವಾರದ ಮೊನೆಯಿಂದ ಐದು ತೂತು ಹೊಡೆದಿದ್ದರು.
ಪ್ರಯೋಗ ಕೆಟ್ಟಂತೆಯೇ.
ಯಾರೆಂದು ಕೇಳಲಿಲ್ಲ. ರೆಕಾರ್ಡ್ ಪುಸ್ತಕದಲ್ಲಿ
ನಾನೇ ಬರೆದೆ: ಸೋರಿಕೆ.