ಮೇಲಿನ ನೂಲು

ಜಲಜಾಕ್ಷಿಯ ಬಲಗೈ ಈಗ ಪ್ಲಾಸ್ಟರಿನೊಳಗೆ.
ಮೀನು ಮಾರ್ಕೆಟಿನ ಮೆಟ್ಟಿಲಲ್ಲಿ ಜಾರಿದ್ದು;
ಬಿದ್ದರೂ ಬಂಗುಡೆಯ ತೊಟ್ಟೆ ಬಿಡಲಿಲ್ಲವಂತೆ.
ನೆಬಿಸಳ ಮಗಳ ಸ್ಕರ್ಟು ಸೋಮವಾರಕ್ಕೆ ಆಗಬೇಕು,
ನೀಲಿ, ಎಂಟು ನೆರಿಗೆ, ಬಲಕ್ಕೊಂದು ಜೇಬು.
ನಾನು ಸಿಟಿ ಬಸ್ಸಿನ ಕಂಡಕ್ಟರು,
ಇವತ್ತು ರಜೆ.
‘ಕೂತುಕೊಳ್ಳಿ’ ಅಂದಳು.
ಕೂತೆ.

ನಾಲ್ಕು ಅಂಗುಲ ಓಡಿ, ಗರಗರ ಅಂದು
ಚಕ್ರ ಕಚ್ಚಿಕೊಂಡಿತು.
ಮೇಲಿಂದ ನೋಡಿದರೆ ಎಲ್ಲ ಸರಿಯೇ ಉಂಟು.
ಬಟ್ಟೆ ಮಗುಚಿದೆ:
ಕಾಗೆಯ ಗೂಡು.

‘ಕೆಳಗಿನ ನೂಲಿಗೆ ಎಂತದೋ ಆಗಿದೆ’ ಅಂದೆ.
ಬಾಬಿನ್ ತೆಗೆದೆ, ಊದಿದೆ, ಪುನಃ ತುರುಕಿದೆ,
ಪುನಃ ಗೂಡು.
ಕೇಸಿನ ಎಳ್ಳುಕಾಳಿನಷ್ಟು ಸ್ಕ್ರೂಗೆ
ಸ್ಕ್ರೂಡ್ರೈವರು ಇಟ್ಟದ್ದೇ ತಡ
ಮಂಚದಿಂದ ಬಂತು:
‘ಅದನ್ನು ಮುಟ್ಟಬೇಡಿ ಮಾರಾಯ್ರೆ!
ಇಪ್ಪತ್ತೆರಡು ವರ್ಷದಲ್ಲಿ ನಾನೇ ಮುಟ್ಟಲಿಲ್ಲ.
ನೂಲಿನ ತುದಿ ಹಿಡಿದು ಕೇಸು ತೂಗಿ ನೋಡಿ.’

ತೂಗಿದೆ. ಗಾಳಿಯಲ್ಲಿ ನಿಂತಿತು.
ಒಮ್ಮೆ ಕೊಡವಿದೆ. ಎರಡು ಬೆರಳು ಇಳಿದು
ಪುನಃ ನಿಂತಿತು,
ಹೇಳಿದ ಮಾತು ಕೇಳುವ ಪ್ರಾಣಿ.
‘ಹಾಗಾದರೆ ಕೆಳಗಿನದ್ದು ಪಾಪ.
ಗೋಜಲು ಕಾಣುವುದು ಕೆಳಗೆ,
ತಪ್ಪು ಮಾಡುವುದು ಮೇಲಿನದ್ದು.’
ಯಾರ ಬಗ್ಗೆ ಹೇಳಿದ್ದೆಂದು
ನಾನು ಕೇಳಲು ಹೋಗಲಿಲ್ಲ.

‘ಈಗ ಹೇಳಿ, ನೂಲು ಹೋಗುವ ದಾರಿ.’
ನನಗೆ ಬರುವ ಭಾಷೆ ಒಂದೇ:
ಉಂಡೆಯಿಂದ ಹೊರಟು, ಹಿಂದಿನ ಕೊಕ್ಕೆ,
ತಟ್ಟೆ ಎರಡರ ನಡುವೆ, ಪಕ್ಕದ ಸ್ಪ್ರಿಂಗು,
ಸೀದಾ ಸೂಜಿ, ಲಾಸ್ಟ್ ಸ್ಟಾಪು, ಇಳಿಯಿರಿ.
‘ಮತ್ತೆ ಆ ಕೈ? ಮೇಲೆ ಕೆಳಗೆ ಹಾರುವುದು?’

ಕಂಕನಾಡಿಯಲ್ಲಿ ನಿಲ್ಲಿಸದೆ
ಜ್ಯೋತಿಗೆ ಬಂದುಬಿಟ್ಟಿದ್ದೆ.
ಎಳೆದುಕೊಳ್ಳುವ ಕೈಯೇ ಇಲ್ಲದೆ
ಇಳಿದ ನೂಲೆಲ್ಲ ಇಳಿದಲ್ಲೇ ಉಳಿದು
ಒಂದರ ಮೇಲೊಂದು ಬಿದ್ದು...

‘ಮೊದಲು ಕಾಲು ಎತ್ತಿ. ನಿಮ್ಮದಲ್ಲ, ಮಿಶಿನಿನದ್ದು.
ಕಾಲು ಊರಿದ್ದರೆ ತಟ್ಟೆ ಬಾಯಿ ಬಿಡುವುದಿಲ್ಲ,
ನೂಲು ಒಳಗೆ ಕೂರುವುದಿಲ್ಲ.’
ಗೊತ್ತುಂಟು ನನಗೆ, ಫುಟ್‌ಬೋರ್ಡಿನಲ್ಲೇ ನೇತಾಡಿ
ಒಳಗೆ ಜಾಗವಿದ್ದರೂ ಬಾರದ
ಕಾಲೇಜು ಹುಡುಗರ ಜಾತಿ.

ಸೂಜಿಯನ್ನೂ ಕಳಚಿಸಿದಳು.
ಎಡಗೈ ಹೆಬ್ಬೆರಳಿನ ಉಗುರ ಮೇಲೆ ಎಳೆದು ನೋಡಿ
‘ಮೂಗು ಬಾಗಿದೆ’ ಅಂದಳು.
ಬೋಳಾರದ ಗಾಳಿ, ಹೊಳೆಯ ಉಪ್ಪು,
ಹದಿನೈದು ದಿನ ಸುಮ್ಮನಿದ್ದರೆ ಸಾಕು
ಕಬ್ಬಿಣಕ್ಕೂ ನೆಗಡಿ.
ಹೊಸತನ್ನು ಗೇರುಬೀಜದ ಡಬ್ಬಿಯಿಂದ ತೆಗೆದೆ.
ನೂಲಿನ ತುದಿ ಎಂಜಲು ಮಾಡಿ
ಐದನೇ ಸಲಕ್ಕೆ ಕಣ್ಣು ಹೊಗಿಸಿದೆ.
ದಿನಕ್ಕೆ ಸಾವಿರ ಜನಕ್ಕೆ ಚಿಲ್ಲರೆ ಎಣಿಸಿ ಕೊಡುವ ಬೆರಳು
ಇಲ್ಲಿ ನಡುಗಿತು.

ತುಳಿದೆ.
ಟಕ ಟಕ ಟಕ ಟಕ.

ಈ ಸದ್ದು ನನಗೆ ಹೊಸತಲ್ಲ.
ರಾತ್ರಿ ಲಾಸ್ಟ್ ಟ್ರಿಪ್ಪು ಮುಗಿಸಿ ಬಂದು
ಮುಸುಕಿನೊಳಗಿಂದ ನಾನೇ ಎಷ್ಟು ಸಲ ಅಂದಿಲ್ಲ,
ಸಾಕು ಮಾಡು, ನಿದ್ದೆ ಬರುವುದಿಲ್ಲ ಅಂತ.
ಅವಳು ಆಗ
ದೀಪ ಆರಿಸಿ, ಚಕ್ರ ಕೈಯಲ್ಲೇ ತಿರುಗಿಸಿ
ಒಂದೊಂದೇ ಹೊಲಿಗೆ ಹಾಕುತ್ತಿದ್ದಳೆಂದು
ಇವತ್ತು ಹೇಳಿದಳು, ನೂಲು ಕತ್ತರಿಸುವ ಮಧ್ಯೆ,
ಅದೊಂದು ಸಂಗತಿಯೇ ಅಲ್ಲವೆಂಬಂತೆ.
‘ಕತ್ತಲಲ್ಲಿ ಹೇಗೆ?’
‘ಬೆರಳಿಗೆ ಗೊತ್ತಾಗುತ್ತದೆ.’

ಮುಗಿಯಿತು. ಬಾಯಿಗೆ ಬಂದ ವಿಸಿಲು
ಎರಡು ಸಲ ಊದಿದೆ, ರೈಟ್, ಪೋಯಿ!
ಸ್ಕರ್ಟು ಒಯ್ದು ಅವಳ ಮಡಿಲಲ್ಲಿ ಹರಡಿದೆ.
ಎಡಗೈಯಲ್ಲಿ ಹೊಲಿಗೆ ಎಳೆದಳು, ಮಗುಚಿದಳು,
ಬೆಳಕಿಗೆ ಹಿಡಿದಳು.
ಮೇಲೂ ಕೆಳಗೂ ಒಂದೇ ಸಮ.
‘ಒಳ್ಳೆ ಗಟ್ಟಿ ಉಂಟು’ ಅಂದಳು,
‘ಅಷ್ಟು ಸುಲಭಕ್ಕೆ ಬಿಚ್ಚಿ ಬರಲಿಕ್ಕಿಲ್ಲ.’
ಮತ್ತೆ ದಿಂಬಿನಡಿಯಿಂದ
ನೂಲು ಬಿಡಿಸುವ ಕೊಕ್ಕೆ ತೆಗೆದು ಚಾಚಿದಳು.

ಜೇಬಿನ ಬಾಯಿ
ಹೊಲಿದುಬಿಟ್ಟಿದ್ದೆ.