ಪಾಠ ಯೋಜನೆ, ಬೆಂಗ್ರೆ ಫೆರಿಯಲ್ಲಿ

ಸಿಸ್ಟರ್ ಎಮರೆನ್ಸಿಯಾ ಕೊಟ್ಟ ಫಾರ್ಮಿನಲ್ಲಿ ಐದು ಕಾಲಮ್ಮು:
ವಾರ, ಘಟಕ, ಉದ್ದೇಶ, ಸಾಮಗ್ರಿ, ಕಲಿಕೆಯ ಫಲ.
ನಾನು ತುಂಬಿ ಬಲ್ಲ ಫಾರ್ಮು ಬೇರೆ:
ಅಕ್ಕಿ ಎಷ್ಟು ಮೂಟೆ, ಎಣ್ಣೆ ಎಷ್ಟು ಡಬ್ಬ,
ಮುಂದಿನ ಬಂದರಿಗೆ ಇನ್ನೆಷ್ಟು ದಿನ.

ಆರನೇ ಕ್ಲಾಸು, ಮೂವತ್ತೆಂಟು ಮಕ್ಕಳು,
ಶನಿವಾರ ಬೆಳಿಗ್ಗೆ ಮುಕ್ಕಾಲು ಗಂಟೆ.
"ಇಪ್ಪತ್ತಾರು ವರ್ಷ ಹಡಗಲ್ಲಿದ್ದಿರಿ ಕರ್ಕೇರರೇ,
ಸ್ಪ್ಯಾನಿಷ್ ಬರುತ್ತದಲ್ಲ ನಿಮಗೆ?"
ಬರುತ್ತದೆ ಸಿಸ್ಟರ್. ಬಂದದ್ದು ಮಾತ್ರ ಹಿಂಬಾಗಿಲಿನಿಂದ,
ಮೀನಿನ ನೀರು ಹರಿಯುವ ಕಡೆಯಿಂದ,
ಅರ್ಧ ಬೈಗುಳ, ಅರ್ಧ ಚೌಕಾಶಿ.
"ಬೈಗುಳ ಬಿಟ್ಟು ಉಳಿದದ್ದು ಕಲಿಸಿ" ಎಂದರು.
ಬಿಟ್ಟು ನೋಡಿದೆ.
ಹೆಚ್ಚೇನೂ ಉಳಿಯಲಿಲ್ಲ.

ಮೊದಲ ವಾರ: ಓಲಾ. ಬ್ವೆನೊಸ್ ದಿಯಾಸ್.
ಪುಸ್ತಕಗಳೆಲ್ಲ ಅಲ್ಲಿಂದಲೇ ಹೊರಡುತ್ತವೆ,
ಟೈ ಕಟ್ಟಿಕೊಂಡು ಬಾಗಿಲು ಬಡಿದ ಹಾಗೆ.
ಬರೆದೆ. ಪೆನ್ನು ಅಲ್ಲೇ ನಿಂತಿತು.

ಗಂಡು ಹೆಣ್ಣು ಹೇಗೆ ಹೇಳಲಿ ಇವರಿಗೆ?
ನಮ್ಮಲ್ಲಿ ಮೇಜು ಮೇಜಾಗಿ ಸುಮ್ಮನೆ ನಿಂತಿದೆ.
ಅಲ್ಲಿ ಅದು ಹೆಣ್ಣು, ಲಾ ಮೆಸಾ.
ಧನ್ವಿತ್ ಬಿಡುವ ಹುಡುಗನಲ್ಲ:
"ಯಾರು ನೋಡಿ ಹೇಳಿದ್ದು ಸಾರ್?"
ಉತ್ತರ ಸಿಗದೆ ನಾಲ್ಕನೇ ವಾರಕ್ಕೆ ತಳ್ಳಿದೆ.

ಇರುವುದಕ್ಕೂ ಅವರಲ್ಲಿ ಎರಡು ಮಾತು.
ಏನಾಗಿದ್ದೀ ಎಂಬುದಕ್ಕೊಂದು, ಎಲ್ಲಿದ್ದೀ ಎಂಬುದಕ್ಕೊಂದು.
ನಾನು ಅಡಿಗೆಯವ. ಕನ್ನಡದಲ್ಲಿ ಅಷ್ಟೇ, ಕ್ರಿಯಾಪದವೇ ಬೇಡ.
ನಾನು ಫೆರಿಯಲ್ಲಿದ್ದೇನೆ. ಈಗ ಬೇಕು.
ಮಕ್ಕಳಿಗೆ ಒಂದು ಪೀರಿಯಡ್ಡು ಸಾಕು ಇದಕ್ಕೆ,
ನನಗೆ ಹನ್ನೊಂದು ವರ್ಷ ಹಿಡಿಯಿತು.
ಫೋನಿನಲ್ಲಿ ಎಲ್ಲರೂ ಕೇಳಿದ್ದು ಎಲ್ಲಿದ್ದೀ ಎಂದೇ.

'ರ್ರ'ಕಾರ ಸುಲಭ. ಪೆರೊ ಅಂದರೆ ಆದರೆ,
ಪೆರ್ರೊ ಅಂದರೆ ನಾಯಿ.
ಸ್ಟೇಟ್‌ಬ್ಯಾಂಕಿನ ಕಂಡಕ್ಟರು
"ರ್ರ್ರೈಟ್ ಪೋಯಿ" ಎನ್ನುವಾಗಿನ ನಾಲಗೆ ಇದ್ದರಾಯಿತು.

ಕಲ್ಯಾವೊ ಬಂದರಿನಲ್ಲಿ ಕಾದೆಣ್ಣೆ ಬಿದ್ದು
ಕೈ ಸುಲಿದು ಕೂತ ರಾತ್ರಿ
ನನ್ನ ಬಾಯಲ್ಲಿದ್ದದ್ದು ಉಪ್ಪು, ನೀರುಳ್ಳಿ, ಎಷ್ಟು, ದುಬಾರಿ.
ದಪ್ಪ ಕನ್ನಡಕದ ನರ್ಸು ಒಂದೊಂದೇ ಬೆರಳು ಮುಟ್ಟಿ
"ದುಯೆಲೆ?" ಎಂದಳು. "ದುಯೆಲೆ?"
ಕಿರುಬೆರಳಿಗೆ ಬಂದಾಗ ಕೂಗಿಬಿಟ್ಟೆ: ಮೆ ದುಯೆಲೆ!
ಚೌಕಾಶಿಗಲ್ಲದೆ ನಾನಾಡಿದ ಮೊದಲ ವಾಕ್ಯ.
ಅವಳು ಚೀಟಿಯಲ್ಲಿ ಏನೋ ಬರೆದುಕೊಂಡಳು,
ನನ್ನ ಮಾತನ್ನೇ ಇರಬೇಕು.

ನಾನು ನೋಯುತ್ತೇನೆ ಅಲ್ಲ, ನನಗೆ ನೋಯುತ್ತದೆ.
ನಮ್ಮ ಹಾಗೆಯೇ.
ತುಳುವಿನಲ್ಲಿ ಎಂಕ್, ಕೊಂಕಣಿಯಲ್ಲಿ ಮ್ಹಾಕಾ,
ಬ್ಯಾರಿಯಲ್ಲಿ ಏನೆಂದು ನಫೀಸತ್ ಹೇಳಬೇಕು,
ಅಲ್ಲೊಂದು ಗೆರೆ ಎಳೆದು ಖಾಲಿ ಬಿಟ್ಟಿದ್ದೇನೆ.
ಇಂಗ್ಲಿಷಿನ ಮೇಲೆ ಹೋದರೆ
ಕೂಳೂರು ಸೇತುವೆ ಸುತ್ತಿ ಬೆಂಗ್ರೆಗೆ ಬಂದಂತೆ.
ಇಲ್ಲಿಂದಲೇ ಹೋದರೆ ಫೆರಿ.

ಓಲಾವನ್ನು ಹೊಡೆದು ಹಾಕಿದೆ.
ಮೊದಲ ವಾರ: ತಲೆ, ಹೊಟ್ಟೆ, ಹಲ್ಲು, ಕೈ.
ಕೈ ಅಂದರೆ ಲಾ ಮಾನೊ, ಗಂಡಿನ ಬಾಲ ಇದ್ದೂ ಹೆಣ್ಣು,
ಧನ್ವಿತ್‌ಗೆ ಇನ್ನೊಂದು ಪ್ರಶ್ನೆ ಸಿಕ್ಕಿತು.
ಕಲಿಕೆಯ ಫಲ: ಗೊತ್ತಿಲ್ಲದ ಊರಿನಲ್ಲಿ
ಎಲ್ಲಿ ನೋಯುತ್ತದೆ ಎಂದು ಮಗು ಬೆರಳಿಟ್ಟು ಹೇಳುವುದು.

ಎರಡನೇ ವಾರ: ಸಂತೆ.
ಸಾಮಗ್ರಿ: ತಕ್ಕಡಿ ಒಂದು, ನೀರುಳ್ಳಿ ಎರಡು ಕಿಲೋ.
ಕ್ವಾಂತೊ ಎಂದು ಒಬ್ಬ ಕೇಳಲಿ, ಜಾಸ್ತಿಯಾಯಿತು ಎಂದು ಮೂವತ್ತೇಳು ಜನ ಕಿರುಚಲಿ.
ಇಂಜಿನ್ನು ನಿಂತಿತು, ಹಗ್ಗ ಎಸೆದರು,
ಮೀನಿನ ಬುಟ್ಟಿಯ ಹೆಂಗಸರು ನನ್ನ ಕಾಗದದ ಮೇಲೆ
ನಾಲ್ಕು ಹನಿ ಬಿಟ್ಟು ಇಳಿದರು.
ಬಾಗಿಲಲ್ಲೇ ನಿಂತು ಓದಿದರು ಸಿಸ್ಟರ್,
ಓಲಾ ಎಲ್ಲಿ ಎಂದು ಕೇಳಲಿಲ್ಲ.
"ನೀರುಳ್ಳಿಗೆ ಬಿಲ್ಲು ತನ್ನಿ."